ಮುಂಗಾಜಿನ ಹಿಮ ಕರಗಿಸುವ ಶಾಖ ಎಲ್ಲಿಂದ?

ಕಾರಿನ ಮುಂಗಾಜಿನ ಹೊರಗೆ ಕಟ್ಟಿದ ಹಿಮವನ್ನೂ ಒಳಗೆ ಕವಿದ ಮಬ್ಬನ್ನೂ ಹೋಗಲಾಡಿಸುವ ಸಾಧನಕ್ಕೆ ಡಿಫ್ರಾಸ್ಟರ್ ಎಂದು ಹೆಸರು. ಚಳಿ ದೇಶಗಳಲ್ಲಿ ವಿದ್ಯುತ್ ಕಾರು ಓಡಿಸುವ ಕೆಲವರು ಈ ಸಾಧನ ದುರ್ಬಲವಾಗಿದೆಯೆಂದು ದೂರುವುದುಂಟು. ಇದು ಬರಿಯ ಸೌಕರ್ಯದ ಮಾತಲ್ಲ. ಗಾಜು ತಿಳಿಯಾಗದಿದ್ದರೆ ರಸ್ತೆಯೇ ಕಾಣದು. ದೋಷ ಎಲ್ಲಿದೆಯೆಂದು ತಿಳಿಯಲು ಈ ಸಾಧನ ಬೆಳೆದುಬಂದ ದಾರಿಯನ್ನು ಮೊದಲು ನೋಡಬೇಕು.

1900ರಲ್ಲಿ ಅಮೆರಿಕದಲ್ಲಿ ತಯಾರಾದ ಸುಮಾರು 4,200 ಕಾರುಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ವಿದ್ಯುತ್ತಿನಿಂದ ಓಡುವಂಥವು. ಆಗಿನ ಬಹುಪಾಲು ವಾಹನಗಳು ತೆರೆದ ಬಂಡಿಗಳು. ಚಳಿಗೆ ಕಂಬಳಿ ಹೊದ್ದು, ಕಾಲ ಬಳಿ ಕೆಂಡದ ಪೆಟ್ಟಿಗೆ ಇಟ್ಟುಕೊಂಡು ಜನ ಪ್ರಯಾಣಿಸುತ್ತಿದ್ದರು. 1903ರಲ್ಲಿ ಮೇರಿ ಆಂಡರ್ಸನ್ ಎಂಬ ಅಮೆರಿಕನ್ ಮಹಿಳೆ, ಒಳಗೆ ಕುಳಿತೇ ಕೈಯಿಂದ ಆಡಿಸಬಹುದಾದ ಗಾಜು ಒರೆಸುವ ಪಟ್ಟಿಗೆ ಪೇಟೆಂಟ್ ಪಡೆದರು. ಅದು ಹಿಮವನ್ನು ಸರಿಸುತ್ತಿತ್ತೇ ಹೊರತು ಕರಗಿಸುತ್ತಿರಲಿಲ್ಲ. 1920ರ ದಶಕದಲ್ಲಿ ಮುಚ್ಚಿದ ಕಾರುಗಳು ಸಾಮಾನ್ಯವಾದಾಗ ಇನ್ನೊಂದು ತೊಂದರೆ ಸೇರಿಕೊಂಡಿತು. ಪ್ರಯಾಣಿಕರ ಉಸಿರಿನ ತೇವ ತಣ್ಣನೆಯ ಗಾಜಿನ ಒಳಮೈಯಲ್ಲಿ ಮಬ್ಬಾಗಿ ಕೂರತೊಡಗಿತು.

ಪರಿಹಾರ ಎಂಜಿನ್‌ನಲ್ಲೇ ಇತ್ತು. ಪೆಟ್ರೋಲ್ ಎಂಜಿನ್ ಇಂಧನದ ಶಕ್ತಿಯಲ್ಲಿ ಸುಮಾರು ಕಾಲು ಭಾಗವನ್ನಷ್ಟೇ ಚಲನೆಗೆ ಬಳಸಿ, ಉಳಿದದ್ದನ್ನು ಶಾಖವಾಗಿ ಹೊರಚೆಲ್ಲುತ್ತದೆ. ಮೊದಮೊದಲು ನಿಷ್ಕಾಸ ಕೊಳವೆಯ ಸುತ್ತಲಿನ ಬಿಸಿ ಗಾಳಿಯನ್ನು ಒಳಗೆ ಹಾಯಿಸಿದರು. 1930ರ ದಶಕದಲ್ಲಿ ಎಂಜಿನ್ನನ್ನು ತಣಿಸಿ ಬಂದ ಬಿಸಿನೀರನ್ನೇ ಒಂದು ಪುಟ್ಟ ರೇಡಿಯೇಟರ್ ಮೂಲಕ ಹರಿಸುವ ವಿಧಾನ ಬಳಕೆಗೆ ಬಂತು. ಆ ಶಾಖಕ್ಕೆ ಪ್ರತ್ಯೇಕ ಖರ್ಚಿರಲಿಲ್ಲ. ಎಂಜಿನ್ ಬಿಸಿಯಾಗುವವರೆಗೆ ಕಾಯಬೇಕಿತ್ತು, ಅಷ್ಟೆ.

ಬಿಸಿನೀರು ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ತೋರಿಸಿಕೊಟ್ಟಿತು. ಗಾಳಿಯಿಂದ ತಣಿಯುವ ಅದರ ಎಂಜಿನ್ ಹಿಂಭಾಗದಲ್ಲಿತ್ತು. ಬೆಚ್ಚನೆಯ ಗಾಳಿ ಕಾರಿನ ಉದ್ದಕ್ಕೂ ಸಾಗಿ ಮುಂಗಾಜನ್ನು ತಲಪುವಷ್ಟರಲ್ಲಿ ಆರಿಹೋಗುತ್ತಿತ್ತು. ಬೀಟಲ್‌ನ ದುರ್ಬಲ ಡಿಫ್ರಾಸ್ಟರ್ ಆ ಕಾಲದಲ್ಲಿ ಕುಪ್ರಸಿದ್ಧ. ಶಾಖ ಹುಟ್ಟಿದರೆ ಸಾಲದು, ಅದು ಗಾಜನ್ನು ಮುಟ್ಟಬೇಕು ಎಂಬುದು ಇಲ್ಲಿನ ಪಾಠ. 1968ರಲ್ಲಿ ಅಮೆರಿಕದ ವಾಹನ ಸುರಕ್ಷತಾ ಮಾನಕಗಳು ಜಾರಿಯಾದಾಗ, 103ನೆಯ ಮಾನಕವು ಹಿಮ ಮತ್ತು ಮಬ್ಬು ತೆಗೆಯುವ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು.

ಇಪ್ಪತ್ತನೆಯ ಶತಮಾನದ ಕೊನೆಗೆ ವಿದ್ಯುತ್ ಕಾರು ಮರಳಿ ಬಂದಾಗ ಈ ಬಿಟ್ಟಿ ಶಾಖ ಇಲ್ಲವಾಯಿತು. ವಿದ್ಯುತ್ ಮೋಟಾರಿನ ದಕ್ಷತೆ ಶೇಕಡ 90ರ ಆಸುಪಾಸಿನದು. ದಕ್ಷತೆ ಹೆಚ್ಚಿದಷ್ಟೂ ಪೋಲಾಗುವ ಶಾಖ ಕಡಿಮೆ. ಹಾಗಾಗಿ ಗಾಜಿಗೆ ಬೇಕಾದ ಶಾಖವನ್ನು ಬ್ಯಾಟರಿಯಿಂದಲೇ ಪಡೆಯಬೇಕು. 2010ರ ನಿಸಾನ್ ಲೀಫ್ ಕಾರಿನಲ್ಲಿ ಇದಕ್ಕೆ ರೋಧಕ ಹೀಟರ್ ಇತ್ತು. ವಿದ್ಯುತ್ ಪ್ರವಾಹ ರೋಧಕವನ್ನು ಬಿಸಿಮಾಡುವ ನಿಯಮವನ್ನು ಜೇಮ್ಸ್ ಜೂಲ್ 1840ರ ಸುಮಾರಿನಲ್ಲೇ ಕಂಡುಕೊಂಡಿದ್ದರು. ಲೆಕ್ಕ ನೋಡಿ: ಗಂಟೆಗೆ 50 ಕಿ.ಮೀ. ವೇಗದಲ್ಲಿ ಸಾಗುವ ಕಾರಿಗೆ ಸುಮಾರು 7 ಕಿಲೋವಾಟ್ ಸಾಕು ಎಂದಿಟ್ಟುಕೊಳ್ಳಿ. ಹೀಟರ್ ಒಂದೇ 5 ಕಿಲೋವಾಟ್ ಎಳೆದರೆ ಕಾರು ಕ್ರಮಿಸಬಲ್ಲ ದೂರ ಎಷ್ಟು ಕುಗ್ಗುತ್ತದೆ ಎಂಬುದನ್ನು ನೀವೇ ಊಹಿಸಬಹುದು.

ಇದಕ್ಕೆ ಉತ್ತರವೂ ಹಳೆಯ ಭೌತವಿಜ್ಞಾನದಲ್ಲಿತ್ತು. ಯಂತ್ರವೊಂದರಿಂದ ಹೊರಗಿನ ತಣ್ಣನೆಯ ಗಾಳಿಯ ಶಾಖವನ್ನೇ ಒಳಗೆ ಸಾಗಿಸಿ ಕಟ್ಟಡ ಬೆಚ್ಚಗಿಡಬಹುದೆಂದು ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಲಿಯಂ ಥಾಮ್ಸನ್ 1852ರಲ್ಲಿ ಸೂಚಿಸಿದ್ದರು. ಅದೇ ಹೀಟ್ ಪಂಪ್. ವ್ಯಯಿಸಿದ ವಿದ್ಯುತ್ತಿಗಿಂತ ಹೆಚ್ಚು ಶಾಖವನ್ನು ಅದು ಒಳಗೆ ತಂದುಕೊಡುತ್ತದೆ. ಹೊರಗೆ ಚಳಿ ಹೆಚ್ಚಿದಂತೆ ಈ ಲಾಭ ಇಳಿಯುತ್ತದೆ. 1996ರ ಜನರಲ್ ಮೋಟಾರ್ಸ್ ಇವಿ1 ಕಾರಿನಲ್ಲಿ ಹೀಟ್ ಪಂಪ್ ಇತ್ತು. 2020ರ ಟೆಸ್ಲಾ ಮಾಡೆಲ್ ವೈ ಕಾರಿಗೂ ಅದು ಬಂತು.

2022ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ 26,681 ಟೆಸ್ಲಾ ಕಾರುಗಳಿಗೆ ತಿದ್ದುಪಡಿಯ ಆದೇಶ ಹೊರಟಿತು. ಸಾಫ್ಟ್‌ವೇರ್ ದೋಷದಿಂದ ಹೀಟ್ ಪಂಪಿನ ಒಂದು ಕವಾಟ ತಾನಾಗಿ ತೆರೆದು, ಶಾಖ ಹೊರುವ ದ್ರವ ಆವೀಕಾರಕದಲ್ಲಿ ಸಿಕ್ಕಿಕೊಳ್ಳುವ ಸಾಧ್ಯತೆಯಿತ್ತು. ಸುತ್ತಬೇಕಾದ ದ್ರವ ಒಂದೆಡೆ ನಿಂತರೆ ಶಾಖ ಸಾಗುವುದೆಂತು? ಆ ಕಾರುಗಳು 103ನೆಯ ಮಾನಕ ಪಾಲಿಸುತ್ತಿಲ್ಲವೆಂದು ತೀರ್ಮಾನವಾಯಿತು. ರಿಪೇರಿಗೆ ಸ್ಪ್ಯಾನರ್ ಬೇಕಾಗಲಿಲ್ಲ, ದೂರದಿಂದಲೇ ಹೊಸ ಸಾಫ್ಟ್‌ವೇರ್ ಕಳುಹಿಸಲಾಯಿತು.

ಹಾಗಾದರೆ ದುರ್ಬಲ ಡಿಫ್ರಾಸ್ಟರ್‌ನಲ್ಲಿ ಹುಡುಕಬೇಕಾದದ್ದು ಏನನ್ನು? ಒಂದು ಚದರ ಮೀಟರ್ ಗಾಜಿನ ಮೇಲೆ 1 ಮಿ.ಮೀ. ದಪ್ಪದ ಮಂಜುಗಡ್ಡೆಯಿದ್ದರೆ ಅದನ್ನು ಕರಗಿಸಲು ಬೇಕಾದ ಗುಪ್ತೋಷ್ಣ ಸುಮಾರು 300 ಕಿಲೋಜೂಲ್. 5 ಕಿಲೋವಾಟ್ ಹೀಟರ್ ಅಷ್ಟನ್ನು ಒಂದು ನಿಮಿಷದಲ್ಲೇ ಕೊಡಬಲ್ಲದು. ವಾಸ್ತವದಲ್ಲಿ ಹೆಚ್ಚು ಹೊತ್ತು ಹಿಡಿಯಲು ಕಾರಣ, ಬಹುಪಾಲು ಶಾಖ ಬೇರೆಡೆಗೆ ಹೋಗುವುದು. ಆದ್ದರಿಂದ ಕಟ್ಟಿಕೊಂಡ ಗಾಳಿ ಸೋಸುಕ, ಗಾಳಿಯನ್ನು ಗಾಜಿನತ್ತ ತಿರುಗಿಸದ ಮುಚ್ಚಳ ಇವನ್ನು ಮೊದಲು ನೋಡಬೇಕು. ಗಾಳಿ ರಭಸವಾಗಿ ಬಂದರೂ ತಣ್ಣಗಿದ್ದರೆ ಹೀಟರ್ ಅಥವಾ ಹೀಟ್ ಪಂಪಿನ ಮೇಲೆ ಅನುಮಾನ ಪಡಬೇಕು. ಅಲ್ಲಿರುವುದು ನೂರಾರು ವೋಲ್ಟಿನ ವಿದ್ಯುತ್. ಕಿತ್ತಳೆ ಬಣ್ಣದ ತಂತಿಗಳನ್ನು ತರಬೇತಾದವರೇ ಮುಟ್ಟಬೇಕು.

ತೊಂದರೆ ಒಳಗಿನ ಮಬ್ಬಾದರೆ ಕಾರಣ ಬಹುಶಃ ಶಾಖದ ಕೊರತೆಯಲ್ಲ, ತೇವ. 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಡಬಲ್ಲದ್ದು ಸುಮಾರು 5 ಗ್ರಾಂ ನೀರಾವಿ. ಮೂರು ಘನ ಮೀಟರಿನ ಕಾರಿನೊಳಗೆ 15 ಗ್ರಾಂ ಸೇರಿದರೆ ಮುಗಿಯಿತು. ಬ್ಯಾಟರಿ ಉಳಿಸಲೆಂದು ಎ.ಸಿ. ಆರಿಸಿ ಒಳಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುವವರ ಗಾಜು ಮಬ್ಬಾಗುವುದು ಸಹಜ. ಹೊರಗಾಳಿ ತೆಗೆದುಕೊಂಡು ಎ.ಸಿ. ಹಾಕಿದರೆ ಅದರ ತಣ್ಣನೆಯ ಸುರುಳಿ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ ಘಾಟಿ ಹತ್ತುವ ನಮ್ಮ ಚಾಲಕರಿಗೂ ಇದೇ ಉಪಾಯ.

ಚಳಿನಾಡಿನವರಿಗೆ ಇನ್ನೊಂದು ಅನುಕೂಲವುಂಟು. ಕಾರು ಚಾರ್ಜರ್‌ಗೆ ಸಿಕ್ಕಿರುವಾಗಲೇ ಗಾಜನ್ನು ಬೆಚ್ಚಗೆ ಮಾಡಿಕೊಂಡರೆ ಆ ಶಾಖ ಬ್ಯಾಟರಿಯ ಲೆಕ್ಕಕ್ಕೆ ಬರುವುದಿಲ್ಲ. ಎಂಜಿನ್ ಬಿಟ್ಟಿಯಾಗಿ ಕೊಡುತ್ತಿದ್ದುದನ್ನು ಈಗ ಯೋಚಿಸಿ ಖರ್ಚು ಮಾಡಬೇಕಾಗಿದೆ.