ಎಡೆದೊರೆ ನಾಡಿನ ಸಮಾಜಶಾಸ್ತ್ರ

ಡಾ. ಡಿ.ಎಂ. ನಂಜುಂಡಪ್ಪ ನೇತೃತ್ವದ ಸಮಿತಿ 2002ರಲ್ಲಿ ಸರ್ಕಾರಕ್ಕೆ ಒಪ್ಪಿಸಿದ ವರದಿ ಕರ್ನಾಟಕದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದಿತ್ತು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡರೆ ರಾಯಚೂರು ಜಿಲ್ಲೆಯ ದೇವದುರ್ಗಕ್ಕೆ ಸಿಕ್ಕಿದ್ದು 0.53. ‘ಅತ್ಯಂತ ಹಿಂದುಳಿದ’ 39 ತಾಲ್ಲೂಕುಗಳ ಪಟ್ಟಿಯಲ್ಲಿ ಅದು ತಳ ಸೇರಿತು. ಅಲ್ಲಿಂದೀಚೆಗೆ ಹಿಂದುಳಿದಿರುವಿಕೆಯ ಮಾತು ಬಂದಲ್ಲೆಲ್ಲ ದೇವದುರ್ಗದ ಹೆಸರು ಬರುತ್ತದೆ.

ಆ ಅಂಕಿ ಬೇಕಿತ್ತು. ಅದರಿಂದಲೇ ಹಣ ಬಂತು, ಸಂವಿಧಾನದ 371ಜೆ ವಿಧಿಗಾಗಿ ನಡೆದ ಹೋರಾಟಕ್ಕೆ ಬಲ ಬಂತು. ಆದರೆ ಕಾಲುವೆಯ ನೀರು ಯಾರ ಹೊಲಕ್ಕೆ ಮೊದಲು ಹರಿಯುತ್ತದೆ, ಸುಗ್ಗಿ ಮುಗಿದ ಮೇಲೆ ಯಾವ ಓಣಿಯ ಮನೆಗಳಿಗೆ ಬೀಗ ಬೀಳುತ್ತದೆ, ಗುಳೆ ಹೋದವರ ಮಕ್ಕಳನ್ನು ಯಾವ ಅಜ್ಜಿ ನೋಡಿಕೊಳ್ಳುತ್ತಾಳೆ, ಚಹಾದಂಗಡಿಯಲ್ಲಿ ಯಾರು ಒಳಗೆ ಕೂರುತ್ತಾರೆ, ಯಾರು ಹೊರಗೆ ನಿಲ್ಲುತ್ತಾರೆ ಎಂಬುದನ್ನು ಯಾವ ಸೂಚ್ಯಂಕವೂ ಹೇಳುವುದಿಲ್ಲ. ಅದನ್ನು ಹೇಳಬೇಕಾದ ಶಾಸ್ತ್ರ ಸಮಾಜಶಾಸ್ತ್ರ. ಕೃಷ್ಣಾ–ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡನ್ನು ಆ ಶಾಸ್ತ್ರ ಬಹುಕಾಲ ದೂರದಿಂದಲೇ ನೋಡಿತು.

ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದ ಜಿಲ್ಲೆ. ಇಲ್ಲಿನ ಜಾತಿ–ಸಮುದಾಯಗಳ ಮೊದಲ ದೊಡ್ಡ ದಾಖಲೆ ಬಂದದ್ದೂ ನಿಜಾಮರ ಆಡಳಿತದಿಂದಲೇ. ಸೈಯದ್ ಸಿರಾಜ್ ಉಲ್ ಹಸನ್ ಬರೆದ, ನಿಜಾಮರ ಸಂಸ್ಥಾನದ ಜಾತಿ ಮತ್ತು ಬುಡಕಟ್ಟುಗಳನ್ನು ಕುರಿತ ಬೃಹತ್ ಇಂಗ್ಲಿಷ್ ಗ್ರಂಥ 1920ರಲ್ಲಿ ಪ್ರಕಟವಾಯಿತು. ಅದು ಆಡಳಿತಗಾರನ ಕಣ್ಣಿನ ಪುಸ್ತಕ: ಯಾರು ಯಾರು, ಏನು ಉಣ್ಣುತ್ತಾರೆ, ಹೇಗೆ ಮದುವೆಯಾಗುತ್ತಾರೆ ಎಂಬ ವರ್ಗೀಕರಣ. ಈ ಭಾಗದ ವಿಶ್ವವಿದ್ಯಾಲಯಗಳಿಗೆ ಪಾಠವಾಗಿ ಸಮಾಜಶಾಸ್ತ್ರ ಕಾಲಿಟ್ಟದ್ದು 1928ರಲ್ಲಿ. ಅದೇ ವರ್ಷ ಮೈಸೂರು ಮತ್ತು ಉಸ್ಮಾನಿಯಾ ವಿಶ್ವವಿದ್ಯಾಲಯಗಳೆರಡೂ ಪದವಿ ತರಗತಿಗೆ ಅದನ್ನು ಸೇರಿಸಿಕೊಂಡವು. ಉಸ್ಮಾನಿಯಾದ ಬೋಧನೆ ಆಗ ಉರ್ದುವಿನಲ್ಲಿ. ರಾಯಚೂರು ಜಿಲ್ಲೆಯ ಮಾನ್ವಿಯ ಹುಡುಗನೊಬ್ಬ ತನ್ನ ಊರಿನ ಜಾತಿ–ಕುಲವನ್ನು ಶಾಸ್ತ್ರವಾಗಿ ಓದಬೇಕೆಂದರೆ ಹೈದರಾಬಾದಿಗೆ ಹೋಗಿ, ಮನೆಯಲ್ಲಿ ಆಡದ ಭಾಷೆಯಲ್ಲಿ ಓದಬೇಕಿತ್ತು. ಸ್ವಾತಂತ್ರ್ಯಾನಂತರ ಅದೇ ವಿಶ್ವವಿದ್ಯಾಲಯದ ಎಸ್.ಸಿ. ದುಬೆ ಹೈದರಾಬಾದಿನ ಹತ್ತಿರದ ಶಾಮೀರ್‌ಪೇಟೆಯನ್ನು ಅಧ್ಯಯನ ಮಾಡಿ 1955ರಲ್ಲಿ ಹೆಸರಾಂತ ಪುಸ್ತಕ ತಂದರು. ಅಂಥ ಭಾಗ್ಯ ರಾಯಚೂರು ಸೀಮೆಯ ಹಳ್ಳಿಗೆ ಬರಲಿಲ್ಲ.

ಹಳೇ ಮೈಸೂರಿನ ಕಡೆ ಕಥೆಯೇ ಬೇರೆ. ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕ ಎ.ಆರ್. ವಾಡಿಯಾ ಅವರ ನೆರಳಿನಲ್ಲಿ ಬೆಳೆದ ಎಂ.ಎನ್. ಶ್ರೀನಿವಾಸ್ ಮುಂದೆ ಮುಂಬಯಿಯಲ್ಲಿ ಜಿ.ಎಸ್. ಘುರ್ಯೆ ಅವರ ಶಿಷ್ಯರಾದರು, ಆಕ್ಸ್‌ಫರ್ಡಿಗೆ ಹೋದರು. 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ನೆಲೆಸಿ, ಅದಕ್ಕೆ ರಾಮಪುರ ಎಂದು ಹೆಸರಿಟ್ಟು ಬರೆದರು. ‘ಸಂಸ್ಕೃತೀಕರಣ’, ‘ಪ್ರಬಲ ಜಾತಿ’ ಎಂಬ ಮಾತುಗಳು ಇಂದು ಪಿಯುಸಿ ಪಠ್ಯದಿಂದ ಚುನಾವಣಾ ವಿಶ್ಲೇಷಣೆಯವರೆಗೆ ಹಬ್ಬಿರುವುದು ಅವರಿಂದ. ಮಂಡ್ಯ ಸೀಮೆಗೆ ನೀರಾವರಿ ಬಂದ ಮೇಲೆ ಅಲ್ಲಿನ ಎರಡು ಹಳ್ಳಿಗಳಲ್ಲಿ ಏನಾಯಿತೆಂದು ಸ್ಕಾರ್ಲೆಟ್ ಎಪ್‌ಸ್ಟೀನ್ ನೋಡಿದರು. ಒಂದು ಹಳ್ಳಿಗೆ ಕಾಲುವೆ ಬಂದಿತ್ತು, ಇನ್ನೊಂದಕ್ಕೆ ಬಂದಿರಲಿಲ್ಲ. 1962ರಲ್ಲಿ ಪ್ರಕಟವಾದ ಆ ಪುಸ್ತಕವನ್ನು ರಾಯಚೂರಿನವರು ಇವತ್ತಿಗೂ ಓದಬೇಕು. ಮೈಸೂರು ವಿಶ್ವವಿದ್ಯಾಲಯದ ಸಿ. ಪಾರ್ವತಮ್ಮ ಮ್ಯಾಂಚೆಸ್ಟರ್‌ನಲ್ಲಿ ಸಂಶೋಧನೆ ಮಾಡಿ ಬಂದವರು. ದಲಿತ ಸಮುದಾಯದಿಂದ ಬಂದ ಆ ಮಹಿಳೆ ಮೈಸೂರು ಸೀಮೆಯ ಹಳ್ಳಿಯ ರಾಜಕೀಯ ಮತ್ತು ಧರ್ಮದ ಸಂಬಂಧವನ್ನು ಬಿಡಿಸಿಟ್ಟರು. ಪರಿಶಿಷ್ಟರ ಸ್ಥಿತಿಗತಿಯ ಬಗ್ಗೆ ಮೆದು ಮಾತಿನಲ್ಲಿ ಬರೆಯಲಿಲ್ಲ.

ಧಾರವಾಡದ ಹಿರೇಮಲ್ಲೂರು ಈಶ್ವರನ್ ಅವರ ಹೆಸರು ಕನ್ನಡ ಓದುಗರಿಗೆ ಸಾಹಿತಿಯಾಗಿ ಪರಿಚಿತ. ‘ವಲಸೆ ಹೋದ ಕನ್ನಡಿಗನ ಕತೆ’ ಬರೆದವರು ಅವರೇ. ಕೆ. ಈಶ್ವರನ್ ಎಂಬ ಹೆಸರಿನಲ್ಲಿ 1968ರಲ್ಲಿ ‘ಶಿವಾಪುರ’ ಎಂಬ ಹಳ್ಳಿಯ ಅಧ್ಯಯನವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದವರೂ, ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕಲಿಸಿದವರೂ ಅವರೇ. ಕನ್ನಡದಲ್ಲಿ ಕಥನವನ್ನೂ ಇಂಗ್ಲಿಷಿನಲ್ಲಿ ಶಾಸ್ತ್ರವನ್ನೂ ಬರೆದ ಈ ಇಬ್ಬಗೆ ಬದುಕು ಕರ್ನಾಟಕದ ಸಮಾಜಶಾಸ್ತ್ರದ ಗುಣವೂ ಹೌದು, ಕೊರತೆಯೂ ಹೌದು. ಜನರ ಬದುಕಿನ ಬಗ್ಗೆ ಬರೆದದ್ದು ಆ ಜನರ ಭಾಷೆಗೆ ಇನ್ನೂ ಪೂರ್ತಿ ಬಂದಿಲ್ಲ.

ರಾಮಪುರ ಮೈಸೂರಿನ ಬದಿಗೆ, ಎಪ್‌ಸ್ಟೀನರ ಹಳ್ಳಿಗಳು ಮಂಡ್ಯದಲ್ಲಿ, ಶಿವಾಪುರ ಧಾರವಾಡ ಸೀಮೆಯಲ್ಲಿ. ಏಕೀಕರಣದ ಹೊತ್ತಿಗೆ ಹೈದರಾಬಾದ್ ಕರ್ನಾಟಕದ ಪಾಲಿಗೆ ಇಂಥ ಯಾವ ಹಳ್ಳಿಯೂ ಇರಲಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ಅಲನ್ ಬೀಲ್ಸ್ 1962ರಲ್ಲಿ ‘ಗೋಪಾಲ್‌ಪುರ’ ಎಂಬ ಪುಸ್ತಕ ತಂದಾಗ ಆಗಿನ ಗುಲಬರ್ಗಾ ಜಿಲ್ಲೆಯ ಹಳ್ಳಿಯೊಂದು ಮೊದಲ ಬಾರಿಗೆ ಹೊರಗಿನ ವಿದ್ಯಾರ್ಥಿಗಳ ಕೈಗೆ ಹೋಯಿತು. ಓದಿದವರು ಹೆಚ್ಚಾಗಿ ಅಮೆರಿಕದವರು.

ಇಷ್ಟರಲ್ಲಿ ವೃತ್ತಿಗೊಂದು ಮನೆ ಕಟ್ಟುವ ಕೆಲಸ ನಡೆದಿತ್ತು. ಘುರ್ಯೆ 1951ರಲ್ಲಿ ಮುಂಬಯಿಯಲ್ಲಿ ಭಾರತೀಯ ಸಮಾಜಶಾಸ್ತ್ರ ಸೊಸೈಟಿಯನ್ನು ಕಟ್ಟಿದರು. ಮರುವರ್ಷವೇ ಅದರ ಪತ್ರಿಕೆ ‘ಸೋಷಿಯಲಾಜಿಕಲ್ ಬುಲೆಟಿನ್’ ಹೊರಬಂತು. 1972ರಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು, ಅಲ್ಲಿಗೆ ಶ್ರೀನಿವಾಸ್ ಬಂದರು. ಈ ಕಡೆ 1970ರಲ್ಲಿ ಕಲಬುರಗಿಗೆ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಬಂತು, 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ರಾಯಚೂರಿನ ಪದವೀಧರರಿಗೆ ಎಂ.ಎ. ಮಾಡಲು ಧಾರವಾಡದ ಬದಲು ಕಲಬುರಗಿಯ ಬಸ್ಸು ಹಿಡಿದರೆ ಸಾಕಾಯಿತು.

ರಾಯಚೂರು ಜಿಲ್ಲೆಗೇ ಸೇರಿದ ಒಂದು ದೊಡ್ಡ ಅಧ್ಯಯನವಿದೆ. ಅದರ ಬಗ್ಗೆ ಇಲ್ಲಿ ತುಸು ನಿಲ್ಲಬೇಕು. ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಕಾಲುವೆ 1950ರ ದಶಕದಿಂದ ಈ ಸೀಮೆಯ ನಕ್ಷೆಯನ್ನೇ ತಿದ್ದಿತು. ಈ ಯೋಜನೆಯ ಮೂಲ ಉದ್ದೇಶ ಬರಗಾಲ ತಡೆಯುವುದು: ನೀರನ್ನು ತೆಳುವಾಗಿ, ಆದಷ್ಟು ಹೆಚ್ಚು ಹೊಲಗಳಿಗೆ ಹರಡುವುದು, ಯಾವ ಜಮೀನಿನಲ್ಲಿ ಭತ್ತ, ಯಾವುದರಲ್ಲಿ ಜೋಳ, ಹತ್ತಿ ಎಂದು ಸರ್ಕಾರವೇ ಗೊತ್ತುಮಾಡುವುದು. ಆದದ್ದೇ ಬೇರೆ. ಕರಾವಳಿ ಆಂಧ್ರದಿಂದ ಬಂದ ರೈತರು ಜಮೀನು ಕೊಂಡು ಸಿಂಧನೂರು, ಮಾನ್ವಿ ಸುತ್ತ ಕ್ಯಾಂಪುಗಳನ್ನು ಕಟ್ಟಿದರು, ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಕೊನೆಭಾಗದ ರೈತರು ನೀರಿಗಾಗಿ ರಸ್ತೆಗಿಳಿದರು. ನೆದರ್‌ಲ್ಯಾಂಡಿನ ಪೀಟರ್ ಮೋಲಿಂಗಾ ಈ ಕಾಲುವೆಯ ಮೇಲೆಯೇ ಕೂತು, ತೂಬಿನಿಂದ ತೂಬಿಗೆ ಹೋಗಿ, ನೀರು ಹಂಚಿಕೆಯಲ್ಲಿ ಎಂಜಿನಿಯರ್, ರಾಜಕಾರಣಿ, ಮೇಲ್ಭಾಗದ ರೈತ, ಕೊನೆಭಾಗದ ರೈತ ಒಬ್ಬರನ್ನೊಬ್ಬರು ಹೇಗೆ ಎಳೆದಾಡುತ್ತಾರೆ ಎಂಬುದನ್ನು ವಿವರಿಸಿದರು. ವಾಗೆನಿಂಗೆನ್ ವಿಶ್ವವಿದ್ಯಾಲಯಕ್ಕೆ ಅವರು 1998ರಲ್ಲಿ ಒಪ್ಪಿಸಿದ ಆ ಪ್ರಬಂಧ 2003ರಲ್ಲಿ ‘ಆನ್ ದಿ ವಾಟರ್‌ಫ್ರಂಟ್’ ಎಂಬ ಪುಸ್ತಕವಾಗಿ ಬಂತು.

ನೀರಾವರಿಯ ಸಮಾಜಶಾಸ್ತ್ರದಲ್ಲಿ ಜಗತ್ತಿನಾದ್ಯಂತ ಉಲ್ಲೇಖವಾಗುವ ಪುಸ್ತಕ ಇದು. ನಮ್ಮ ಕೊನೆಭಾಗದ ಜಗಳವೇ ಅದರ ವಸ್ತು. ಅದರ ಮುಂದಿನ ಅಧ್ಯಾಯವನ್ನು ಮಾನ್ವಿಯವರೇ ಬರೆಯಬೇಕಿತ್ತು. ಕ್ಯಾಂಪುಗಳಲ್ಲಿ ಈಗ ಮೂರನೆಯ ತಲೆಮಾರು ಬೆಳೆಯುತ್ತಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಆ ಮಕ್ಕಳು, ಅವರ ಹೊಲದಲ್ಲಿ ಕೂಲಿ ಮಾಡುವ ಸ್ಥಳೀಯರು, ಭತ್ತದ ಗಿರಣಿಗಳು, ಮಾನ್ವಿಯಿಂದ ಬೇರ್ಪಟ್ಟ ಸಿರವಾರ ತಾಲ್ಲೂಕು, ಅತ್ತ ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲಿನ ದೇವದುರ್ಗ: ಒಂದೊಂದೂ ಪಿಎಚ್.ಡಿ.ಗೆ ಸಾಲುವಷ್ಟು ವಿಷಯ. ಮಂಡ್ಯದಲ್ಲಿ ಎಪ್‌ಸ್ಟೀನ್ ನೋಡಿದ್ದನ್ನು ಇಲ್ಲಿ ಹೋಲಿಸಿ ನೋಡುವ ಅವಕಾಶ ಕಣ್ಣೆದುರೇ ಇದೆ.

ವಿಶ್ವವಿದ್ಯಾಲಯದ ಹೊರಗೂ ಅರಿವು ಬೆಳೆಯಿತು. ದೇವದುರ್ಗ ತಾಲ್ಲೂಕಿನಲ್ಲಿ 1980ರ ದಶಕದಿಂದ ದುಡಿದ ‘ಸಮೂಹ’ ಸಂಸ್ಥೆ, ಮಾನ್ವಿ ತಾಲ್ಲೂಕಿನ ಪೋತ್ನಾಳದಲ್ಲಿ ದಲಿತ ಮಹಿಳೆಯರು ಕಟ್ಟಿದ ‘ಜಾಗೃತ ಮಹಿಳಾ ಸಂಘಟನೆ’, ಕೂಲಿಕಾರರ ಸಂಘಗಳು ಹಳ್ಳಿಯ ಅಧಿಕಾರವನ್ನು ಒಳಗಿನಿಂದ ಬಲ್ಲವು. ಇಂಥ ಒಳಗಿನ ಅರಿವು ಎಷ್ಟು ಬೇಕೆಂಬುದಕ್ಕೆ ದೇವದಾಸಿ ಪದ್ಧತಿಯೇ ಉದಾಹರಣೆ. ಅದನ್ನು 1982ರ ಕಾಯ್ದೆ ನಿಷೇಧಿಸಿತು. ಮುಂದೆ 1993–94ರಲ್ಲಿ, 2007–08ರಲ್ಲಿ ರಾಜ್ಯ ಸಮೀಕ್ಷೆ ನಡೆಸಿತು. ಹೆಸರು ಪಟ್ಟಿಗೆ ಸೇರಿದವರಿಗೆ ಪಿಂಚಣಿ ಬಂತು. ಹೆಸರು ಬಿಟ್ಟುಹೋದವರ ಪಾಡೇನು, ಅವರ ಮಕ್ಕಳು ಶಾಲಾ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಏನು ಬರೆಯುತ್ತಾರೆ ಎಂಬುದು ಲೆಕ್ಕದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಇಂಥ ಕಡೆ ಸಮೀಕ್ಷಕರಿಗೆ ತರಬೇತಿ ಇಲ್ಲದಿದ್ದರೆ ಅನ್ಯಾಯ ಕಾಗದದ ಮೇಲೆಯೇ ಹುಟ್ಟುತ್ತದೆ.

ಇನ್ನೊಂದು ಮಾತನ್ನು ಒಪ್ಪಲೇಬೇಕು: ಈ ಭಾಗದ ಒಳ್ಳೆಯ ಸಮಾಜಶಾಸ್ತ್ರದ ಎಷ್ಟೋ ಪಾಲನ್ನು ಸಾಹಿತ್ಯದವರು ಬರೆದರು. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಕಲಿಸಿದ ರಹಮತ್ ತರೀಕೆರೆ ಅವರ ‘ಕರ್ನಾಟಕದ ಸೂಫಿಗಳು’, ‘ಕರ್ನಾಟಕದ ಮೊಹರಂ’ ಪುಸ್ತಕಗಳನ್ನು ಓದದೆ ಮುದಗಲ್ಲಿನ ಮೊಹರಂ ಹಬ್ಬದಲ್ಲಿ ಹಿಂದೂಗಳು ಅಲಾಯಿ ಕುಣಿಯುವುದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟ. ಅವು ಕನ್ನಡದಲ್ಲಿವೆ, ಆದ್ದರಿಂದ ಊರಿನವರೂ ಓದುತ್ತಾರೆ. ಇತ್ತ ಸಮಾಜ ಮಾನವಶಾಸ್ತ್ರಜ್ಞೆ ಎ.ಆರ್. ವಸವಿ ವಿಜಯಪುರ ಜಿಲ್ಲೆಯ ಒಣಭೂಮಿಯ ಹಳ್ಳಿಯಲ್ಲಿ ಮಾಡಿದ ಅಧ್ಯಯನ 1999ರಲ್ಲಿ ಪುಸ್ತಕವಾಯಿತು. ರೈತರ ಆತ್ಮಹತ್ಯೆಯ ಮೇಲಿನ ಪುಸ್ತಕ 2012ರಲ್ಲಿ ಬಂತು. ಮರುವರ್ಷ ಅವರಿಗೆ ಇನ್ಫೋಸಿಸ್ ಪ್ರಶಸ್ತಿ ಸಂದಿತು. ತೊಗರಿ, ಹತ್ತಿಯ ಸಾಲದಲ್ಲಿ ನಲುಗುವ ದೇವದುರ್ಗದ ಕುಟುಂಬಗಳನ್ನು ಅರಿಯಲು ಅವರ ದಾರಿ ಬಹಳ ನೆರವಾಗುತ್ತದೆ.

ಇವತ್ತು ಸಮಾಜಶಾಸ್ತ್ರ ಓದಿದ ರಾಯಚೂರಿನ ಹುಡುಗಿಗೆ ಏನಿದೆ? ಮೊದಲು, ಹತ್ತಿರದಲ್ಲೇ ಒಂದು ವಿಶ್ವವಿದ್ಯಾಲಯವಿದೆ. ಯರಗೇರಾದ ಸ್ನಾತಕೋತ್ತರ ಕೇಂದ್ರ ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ರಾಯಚೂರು, ಯಾದಗಿರಿ ಜಿಲ್ಲೆಗಳಿಗೆ ಸೇರಿದ ವಿಶ್ವವಿದ್ಯಾಲಯವಾಗಿದೆ, ಮಹರ್ಷಿ ವಾಲ್ಮೀಕಿಯವರ ಹೆಸರು ಪಡೆದಿದೆ. ದೇವದುರ್ಗ, ಮಾನ್ವಿ, ರಾಯಚೂರು ಗ್ರಾಮೀಣ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಸೀಮೆಯಲ್ಲಿ ಆ ಹೆಸರಿಗೆ ಅರ್ಥವಿದೆ. ಎರಡನೆಯದು, ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ಶಿಕ್ಷಣದಲ್ಲೂ ಸರ್ಕಾರಿ ನೌಕರಿಯಲ್ಲೂ ಸ್ಥಳೀಯರಿಗೆ ಪಾಲು ಕೊಟ್ಟಿದೆ. ಅಧ್ಯಾಪಕ ವೃತ್ತಿಗೆ ರಾಜ್ಯದ ಕೆ–ಸೆಟ್ ಅಥವಾ ರಾಷ್ಟ್ರಮಟ್ಟದ ನೆಟ್ ಅರ್ಹತಾ ಪರೀಕ್ಷೆ ಪಾಸಾಗಬೇಕು. ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿರುವುದರಿಂದ ಕನ್ನಡ ಮಾಧ್ಯಮದವರಿಗೆ ಕೆ–ಸೆಟ್ಟೇ ಹತ್ತಿರದ ಬಾಗಿಲು. ಪದವಿಯಲ್ಲಿ ಚ.ನ. ಶಂಕರ ರಾವ್ ಅವರ ಪಠ್ಯ ಓದಿ ಬಂದವರು ಮುಂದಕ್ಕೆ ಇಂಗ್ಲಿಷ್ ಮೂಲಗಳತ್ತ ಹೋಗಲೇಬೇಕಾಗುತ್ತದೆ. ಅಲ್ಲಿ ಹಲವರು ನಿಂತುಬಿಡುತ್ತಾರೆ. ಈ ನಡುವಿನ ಸೇತುವೆಯನ್ನು ಕಟ್ಟುವುದು ಅಧ್ಯಾಪಕರ ಕೆಲಸ.

ಪಾಠದ ಹೊರಗಿನ ಕೆಲಸಗಳು ಇನ್ನೂ ಹೆಚ್ಚು. ಉದ್ಯೋಗ ಖಾತ್ರಿ ಯೋಜನೆ ತಂದ ಸಾಮಾಜಿಕ ಲೆಕ್ಕ ಪರಿಶೋಧನೆ ಅಂದರೆ ಮನೆಮನೆಗೆ ಹೋಗಿ ಕೇಳುವುದು, ಗ್ರಾಮಸಭೆಯಲ್ಲಿ ಓದಿ ಹೇಳುವುದು. 2018ರಲ್ಲಿ ಕೇಂದ್ರ ಸರ್ಕಾರ ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ಕರ್ನಾಟಕದಿಂದ ರಾಯಚೂರು, ಯಾದಗಿರಿ ಇವೆ. ಅಲ್ಲಿ ಆರೋಗ್ಯ, ಪೌಷ್ಟಿಕತೆ, ಶಿಕ್ಷಣದ ಮೇಲೆ ಸದಾ ಮಾಹಿತಿ ಬೇಕು. 2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಶೇ 59.56; ರಾಜ್ಯದ್ದು ಶೇ 75.36. ಈ ಅಂತರದ ಹಿಂದಿನ ಕಾರಣಗಳನ್ನು ಹುಡುಕಲು ಊರು ಬಲ್ಲವರೇ ಬೇಕು. ಇನ್ನು ಹಿಂದುಳಿದ ವರ್ಗಗಳ ಆಯೋಗಗಳ ಕೆಲಸ: 1918ರ ಮಿಲ್ಲರ್ ಸಮಿತಿಯಿಂದ 1975ರ ಹಾವನೂರು ವರದಿ, 2015ರ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆ, ಮತ್ತೆ 2025ರ ಸಮೀಕ್ಷೆಯವರೆಗೆ ಈ ರಾಜ್ಯದ ನೀತಿ ನಿಂತಿರುವುದೇ ಮನೆಬಾಗಿಲಲ್ಲಿ ಕೇಳುವ ಪ್ರಶ್ನೆಗಳ ಮೇಲೆ. ಅದನ್ನು ಹೊರೆ ಎಂದು ಶಾಲಾ ಶಿಕ್ಷಕರ ತಲೆಗೆ ಕಟ್ಟುವ ಬದಲು ತರಬೇತಾದ ಸಮಾಜಶಾಸ್ತ್ರ ಪದವೀಧರರಿಗೆ ವಹಿಸಿದರೆ ಕೆಲಸವೂ ಚೊಕ್ಕಟ, ನೌಕರಿಯೂ ಸಿಕ್ಕೀತು.

ವೃತ್ತಿಬಳಗದ ಚಟುವಟಿಕೆಯಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಅಖಿಲ ಭಾರತ ಸಮಾಜಶಾಸ್ತ್ರ ಸಮ್ಮೇಳನ 2013ರಲ್ಲಿ, ಮತ್ತೆ 2018ರಲ್ಲಿ ಮೈಸೂರಿನಲ್ಲಿ ನಡೆಯಿತು. ಮೈಸೂರಿನ ಪ್ರೊ. ಆರ್. ಇಂದಿರಾ ಭಾರತೀಯ ಸಮಾಜಶಾಸ್ತ್ರ ಸೊಸೈಟಿಯ ಅಧ್ಯಕ್ಷೆಯಾಗಿದ್ದರು. ಸೊಸೈಟಿಯ ಸಂಶೋಧನಾ ಸಮಿತಿಗಳು ಕೃಷಿ, ಜಾತಿ, ಲಿಂಗ, ವಲಸೆ ಹೀಗೆ ವಿಷಯವಾರು ಸೇರುತ್ತವೆ. ಯುವ ಸಂಶೋಧಕರಿಗೆ ಎಂ.ಎನ್. ಶ್ರೀನಿವಾಸ್ ಹೆಸರಿನ ಬಹುಮಾನವಿದೆ. 1969ರಲ್ಲಿ ಹುಟ್ಟಿದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು ಫೆಲೋಶಿಪ್ ಕೊಡುತ್ತದೆ. ಬಾಗಿಲುಗಳೆಲ್ಲ ತೆರೆದಿವೆ, ಆದರೆ ಅವು ಮೈಸೂರು, ಬೆಂಗಳೂರು, ದೆಹಲಿಯಲ್ಲಿವೆ. ಮಾನ್ವಿಯ ಪ್ರಥಮ ದರ್ಜೆ ಕಾಲೇಜಿನ ಅತಿಥಿ ಉಪನ್ಯಾಸಕರಿಗೆ ಅಲ್ಲಿಯವರೆಗಿನ ಪ್ರಯಾಣದ ಖರ್ಚೇ ಸಂಬಳದ ದೊಡ್ಡ ಪಾಲು ತಿನ್ನುತ್ತದೆ. ಆದ್ದರಿಂದ ಬಳಗವೇ ಈ ಕಡೆ ಬರಬೇಕು.

ಪ್ರಾದೇಶಿಕ ಅಸಮಾನತೆಯನ್ನು ಮತ್ತೆ ಅಳೆಯಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚನೆಯಾಯಿತು. ಇಂಥ ಹೊಸ ಅಂಕಿಗಳನ್ನು ಊರಿನ ಬದುಕಿನ ಪಕ್ಕ ಇಟ್ಟು ಓದಬಲ್ಲವರು ರಾಯಚೂರಿನಲ್ಲೇ ಇರಬೇಕು. ಅದಕ್ಕೆ ದೊಡ್ಡ ಕಟ್ಟಡ ಬೇಡ. ವಿಶ್ವವಿದ್ಯಾಲಯದ ವಿಭಾಗ ವರ್ಷಕ್ಕೊಮ್ಮೆ ದೇವದುರ್ಗದಲ್ಲೋ ಮಾನ್ವಿಯಲ್ಲೋ ಕನ್ನಡದಲ್ಲಿ ಸಂಶೋಧನಾ ಗೋಷ್ಠಿ ನಡೆಸಲಿ. ಪದವಿ ಕಾಲೇಜಿನ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದ ಒಂದು ಕ್ಯಾಂಪು, ಒಂದು ತಾಂಡಾ, ಒಂದು ಕೊನೆಭಾಗದ ಹಳ್ಳಿಯ ಅಧ್ಯಯನ ಮಾಡಿಸಿ ಅಲ್ಲಿ ಓದಿಸಲಿ. ಆ ಪ್ರಬಂಧಗಳ ಒಂದೊಂದು ಪ್ರತಿ ಆಯಾ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ತಲುಪಲಿ. ಈ ಬರಹ ಓದುವ ಸಮಾಜಶಾಸ್ತ್ರದ ಅಧ್ಯಾಪಕರು ಮುಂದಿನ ಶೈಕ್ಷಣಿಕ ವರ್ಷದಿಂದಲೇ ಇದನ್ನು ಆರಂಭಿಸಬೇಕು.