ಬೆತ್ತದ ಬಾಳು

ಬೆತ್ತವೆಂದೊಡನೆ ಅಂಗೈ ಚುರುಕ್ಕೆನ್ನುವವರು ನಮ್ಮ ನಡುವೆ ಇನ್ನೂ ಇದ್ದಾರೆ. ಶಾಲೆಯ ಮೇಜಿನ ಮೇಲೆ ಮಲಗಿರುತ್ತಿದ್ದ ಆ ಕೋಲು ಯಾವ ಕಾಡಿನಿಂದ ಬಂತು, ಯಾರ ಕೈ ಅದನ್ನು ಕಡಿಯಿತು ಎಂದು ಆಗ ನಾವು ಕೇಳಲಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯವರು ಉತ್ತರ ಹುಡುಕಹೊರಟರೆ ಮೂಡಣ ದಿಕ್ಕಿನ ಘಟ್ಟಕ್ಕೆ ಮುಖಮಾಡಬೇಕು.

ಸಂಸ್ಕೃತದ 'ವೇತ್ರ'ವೇ ನಮ್ಮ ಬೆತ್ತ. ಅರಮನೆಯ ಬಾಗಿಲು ಕಾಯುವ ಪಡಿಯರನ ಕೈಯಲ್ಲಿ ಅದು ಅಧಿಕಾರದ ಗುರುತು. ನೋಟಕ್ಕೆ ಬಳ್ಳಿಯಾದರೂ ಕುಲದಲ್ಲಿ ಅದು ತೆಂಗು-ಕಂಗುಗಳ ದಾಯಾದಿ. ಆದರೆ ತೆಂಗಿನಂತೆ ತಾನೇ ನಿಲ್ಲಲಾರದು. ಕೊಕ್ಕೆಮುಳ್ಳುಗಳಿಂದ ನೆರೆಮರವನ್ನು ಹಿಡಿದು ಬೆಳಕಿನತ್ತ ಏರುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಸುಳ್ಳುಮಾಡುವುದೂ ಇದೇ: ಬಲಿತ ಬೆತ್ತ ಬಿಸಿ ತಾಕಿದರೆ ಬೇಕಾದಂತೆ ಬಾಗುತ್ತದೆ.

ಈ ಗುಣದಿಂದಲೇ ಅದು ಕರಾವಳಿಯ ಬೇಸಾಯಗಾರನ ಮನೆ ಹೊಕ್ಕಿತು. ತೊಟ್ಟಿಲು, ಬುಟ್ಟಿ, ಕುರ್ಚಿಗಳ ಮಾತಿರಲಿ. ಭತ್ತ ಅಳೆಯುವ ಕಳಸಿಗೆಯನ್ನೂ ಬೆತ್ತದಿಂದ ಹೆಣೆದರು. ಕಳಸಿಗೆಗೆ ೧೪ ಸೇರು, ಮೂರು ಕಳಸಿಗೆಗೆ ಒಂದು ಮುಡಿ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಅಕ್ಕಿಗಾಗಿ ಬಸರೂರಿಗೆ ಬಂದರು. ಆ ಅಕ್ಕಿಯ ಕಥೆಯನ್ನು ಇತಿಹಾಸಕಾರರು ಬರೆದಿದ್ದಾರೆ. ಅಳತೆಯ ಬುಟ್ಟಿ ಹೆಣೆದವರ ಕಥೆ ಬರೆದವರು ವಿರಳ. ದೇವರ ತೇರಿಗೂ ಬೆತ್ತ ಬೇಕು. ನಮ್ಮ ದಕ್ಷಿಣಕ್ಕಿರುವ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಮಲೆಕುಡಿಯರು ಕಾಡಿನಿಂದ ತಂದ ಬೆತ್ತದಲ್ಲಿ ಬ್ರಹ್ಮರಥವನ್ನು ಬಿಗಿಯುತ್ತಾರೆ. ಚಂಪಾಷಷ್ಠಿಯಂದು ಜನ ತೇರೆಳೆಯುವುದೂ ಬೆತ್ತ ಹಿಡಿದೇ. ೧೯೭೦ರಲ್ಲಿ ಸಸ್ಯವಿಜ್ಞಾನಿಗಳು ಪಶ್ಚಿಮಘಟ್ಟದ ಒಂದು ಬೆತ್ತವನ್ನು ಹೊಸ ಪ್ರಭೇದವೆಂದು ದಾಖಲಿಸಿದಾಗ ಅದರ ಲ್ಯಾಟಿನ್ ಹೆಸರಿನಲ್ಲಿಯೂ 'ನಾಗಬೆತ್ತ'ವೆಂಬ ಕನ್ನಡದ ಮಾತೇ ನಿಂತಿತು. ವಿಜ್ಞಾನಕ್ಕೆ ಹೊಸತು, ಕಾಡಿನ ಜನಕ್ಕೆ ಹಳೆಯದು.

ನಮ್ಮ ಸೀಮೆಯಲ್ಲಿ ಬಿದಿರು, ಬೆತ್ತ, ಕಾಡುಬೀಳುಗಳನ್ನು ಸೀಳಿ ಹೆಣೆಯುವ ವಿದ್ಯೆಯನ್ನು ಉಳಿಸಿಕೊಂಡು ಬಂದವರು ಕೊರಗರು. ಅವರ ಬುಟ್ಟಿಯನ್ನು ಮನೆಯೊಳಕ್ಕೆ ಕೊಂಡೊಯ್ದ ಸಮಾಜ ಅವರನ್ನು ಅಂಗಳದಾಚೆ ನಿಲ್ಲಿಸಿತು. ಅವರನ್ನು ಹೀನಗೊಳಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯಿದೆ ಬಂದದ್ದು ೨೦೦೦ದಲ್ಲಿ.

ಬೆತ್ತದ ವಿಷಯದಲ್ಲಿ ಕಾನೂನಿನ ಮಾತು ವಿಚಿತ್ರವಾಗಿದೆ. ೧೯೨೭ರ ಭಾರತೀಯ ಅರಣ್ಯ ಕಾಯಿದೆ 'ಮರ' ಎಂಬ ಪದದ ವ್ಯಾಪ್ತಿಯೊಳಗೆ ಬೆತ್ತವನ್ನೂ ಸೇರಿಸಿತು. ೨೦೦೬ರ ಅರಣ್ಯ ಹಕ್ಕು ಕಾಯಿದೆ ಅದನ್ನು ಕಿರು ಅರಣ್ಯ ಉತ್ಪನ್ನವೆಂದು ಕರೆದು, ವಾಡಿಕೆಯಂತೆ ಸಂಗ್ರಹಿಸಿ ಬಂದ ಅರಣ್ಯವಾಸಿಗಳ ಹಕ್ಕನ್ನು ಮನ್ನಿಸಿತು. ನಡುವೆ, ೧೯೭೪ರಲ್ಲಿ ಕೊಲ್ಲೂರಿನ ಸುತ್ತಣ ಕಾಡು ಮೂಕಾಂಬಿಕಾ ಅಭಯಾರಣ್ಯವಾಯಿತು. ಕಾಡಿಗೆ ಕಾವಲು ಬೇಕೇ ಬೇಕು. ಆದರೆ ಸಮುದ್ರದಂಚಿನ ಊರುಗಳಲ್ಲಿ ನೆಲೆಸಿರುವ ಹೆಣಿಗೆಯವನಿಗೆ ಕಾಗದದ ಮೇಲಣ ಹಕ್ಕೂ ದೂರ, ಘಟ್ಟದ ಬುಡವೂ ದೂರ. ಇತ್ತ ಪೇಟೆಯಲ್ಲಿ ಪ್ಲಾಸ್ಟಿಕ್ ಬುಟ್ಟಿ ಅಗ್ಗ.

ಹಾಗಾದರೆ ಬೆತ್ತವನ್ನು ಬೆಳೆಸಲಾಗದೇ? ಬೆಳೆಸಬಹುದು, ತಾಳ್ಮೆ ಬೇಕು. ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಹೂಬಿಡುವ ಮೊದಲೇ ಎಲ್ಲವನ್ನೂ ಸವರಿದರೆ ಬೀಜವೇ ಇಲ್ಲ. ಬೀಜ ಒಣಗಿದರೆ ಮೊಳೆಯುವ ಶಕ್ತಿ ಬೇಗನೆ ಕುಂದುತ್ತದೆ. ತಿರುಳು ತೊಳೆದು, ಹಸಿಯಾಗಿರುವಾಗಲೇ ತಂಪಿನಲ್ಲಿ ಬಿತ್ತಬೇಕು. ಮೆಳೆಯಾಗಿ ಬೆಳೆಯುವ ಜಾತಿಯಲ್ಲಿ ಬಲಿತದ್ದನ್ನು ಕೊಯ್ದು ಎಳೆಯದನ್ನು ಉಳಿಸಬಹುದು. ಒಂಟಿಯಾಗಿ ಬೆಳೆಯುವ ಜಾತಿಯನ್ನು ಕಡಿದರೆ ಅದರ ಬಾಳೇ ಮುಗಿಯಿತು. ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ ಈ ಕುರಿತು ಬಹುಕಾಲ ದುಡಿದಿದೆ.

ಎಲ್ಲಕ್ಕೂ ಮಿಗಿಲಾಗಿ ಬೆತ್ತಕ್ಕೆ ಬೇಕಾದದ್ದು ಹಬ್ಬಲು ಒಂದು ಮರ. ನಮ್ಮ ಹಿರಿಯರು ಮನೆಯ ಹಿಂದೆ ಹಾಡಿ ಬಿಟ್ಟಿದ್ದರು, ನಾಗನಿಗೆ ಬನ ಬಿಟ್ಟಿದ್ದರು. ಇಂದು ಎಷ್ಟೋ ಬನಗಳಲ್ಲಿ ಮರ ಹೋಗಿ ಕಾಂಕ್ರೀಟು ಕಟ್ಟೆ ಬಂದಿದೆ. ಉಳಿದ ಹಾಡಿಗಳಲ್ಲಿ ನಾಲ್ಕು ಮೆಳೆ ಎಬ್ಬಿಸಿ, ಬಲಿತ ಕೋಲನ್ನು ಹೆಣೆಯುವವರ ಕೈಗೆ ನ್ಯಾಯವಾದ ಬೆಲೆಯಲ್ಲಿ ಒಪ್ಪಿಸಿದರೆ ಘಟ್ಟದ ಕಾಡಿನ ಮೇಲಣ ಭಾರ ಇಳಿದೀತು.

ನಮ್ಮಲ್ಲಿ ಎಷ್ಟೋ ಹಳೆಯ ಮನೆಗಳ ಅಟ್ಟದ ಮೇಲೆ ಧೂಳು ಹಿಡಿದ ಕಳಸಿಗೆಯೊಂದು ಇಂದಿಗೂ ಕುಳಿತಿದೆ. ಅಂಥದನ್ನು ಮತ್ತೆ ಹೆಣೆಯಬಲ್ಲ ಕೈಗಳು ಊರಿನಲ್ಲಿ ಇನ್ನೂ ಇವೆ. ಆ ಕೈಗಳು ಇರುವಾಗಲೇ ಬೆತ್ತವನ್ನು ನೆಡಬೇಕಾಗಿದೆ.