ದ್ವಿಚಕ್ರಪ್ರವಾಸಿಯ ನಗರದರ್ಶನ

ವಿದೇಶೀಯರ ಪ್ರವಾಸಕಥನಗಳು ಚರಿತ್ರೆಗೆ ಆಧಾರಗಳೆಂಬುದು ವಿಜಯನಗರದ ಇತಿಹಾಸವನ್ನು ಬಲ್ಲವರಿಗೆಲ್ಲ ವಿದಿತವಾಗಿದೆ. 1443ರಲ್ಲಿ ಆ ನಗರವನ್ನು ಕಂಡ ಅಬ್ದುಲ್ ರಜಾಕನ ಬರಹವನ್ನು ಪರಿಶೀಲಿಸುವಾಗ, ಅವನು ಯಾರ ದೂತನಾಗಿ ಬಂದನು, ಯಾರ ಸತ್ಕಾರವನ್ನು ಪಡೆದನು ಎಂದು ವಿಚಾರಮಾಡುತ್ತೇವೆ. ಪ್ರವಾಸಿಯು ಏರಿಬಂದ ವಾಹನವನ್ನು ಕುರಿತು ಇಂತಹ ವಿಚಾರವು ವಿರಳ. ಆದರೆ ವಾಹನವೂ ದೃಷ್ಟಿಯನ್ನು ರೂಪಿಸುವುದೆಂಬುದಕ್ಕೆ ಥಾಮಸ್ ಸ್ಟೀವನ್ಸನ ಭೂಪ್ರದಕ್ಷಿಣೆಯ ಗ್ರಂಥವು ಉತ್ತಮ ನಿದರ್ಶನವಾಗಿದೆ.

ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕೆಗೆ ಹೋಗಿ ನೆಲಸಿದ್ದ ಈತನು 1884ನೆಯ ಏಪ್ರಿಲ್ 22ರಂದು ಸ್ಯಾನ್ ಫ್ರಾನ್ಸಿಸ್ಕೋವಿನಿಂದ ಬೈಸಿಕಲ್ಲಿನ ಮೇಲೆ ಹೊರಟು, ಆಗಸ್ಟ್ 4ರಂದು ಬಾಸ್ಟನ್ ನಗರವನ್ನು ಸೇರಿದನು. 1885ರಲ್ಲಿ ಯೂರೋಪನ್ನು ದಾಟಿ, ಕಾನ್‌ಸ್ಟಾಂಟಿನೋಪಲ್ ಮತ್ತು ಅಂಗೋರಗಳ ಮಾರ್ಗವಾಗಿ ಟೆಹರಾನಿಗೆ ಬಂದನು. 1886ರಲ್ಲಿ ಭಾರತ, ಚೀನ, ಜಪಾನುಗಳನ್ನು ಸುತ್ತಿ ಡಿಸೆಂಬರ್ 17ರಂದು ಯೊಕೊಹಾಮದಲ್ಲಿ ಯಾತ್ರೆಯನ್ನು ಮುಗಿಸಿದನು. ಗ್ರಂಥದ ಎರಡು ಸಂಪುಟಗಳು 1887 ಮತ್ತು 1888ರಲ್ಲಿ ಪ್ರಕಟವಾದವು.

ಅವನ ವಾಹನದ ಮುಂದಿನ ಚಕ್ರದ ವ್ಯಾಸವು 50 ಅಂಗುಲ. ಹಿಂದಿನದು ಅತಿ ಕಿರಿದು. ಡನ್‌ಲಪ್ಪನು ಗಾಳಿ ತುಂಬಿದ ಟೈರನ್ನು ನಿರ್ಮಿಸಿದುದು 1887ರಲ್ಲಿ. ಸ್ಟೀವನ್ಸನ ಚಕ್ರಗಳಿಗಿದ್ದುದು ಗಟ್ಟಿ ರಬ್ಬರಿನ ಪಟ್ಟಿ. ಆದಕಾರಣ ದಾರಿಯ ಒಂದೊಂದು ಕಲ್ಲೂ ಸವಾರನ ಮೈಗೆ ತಿಳಿಯುತ್ತಿದ್ದಿತು. ಹೊಗೆಬಂಡಿಯ ಪ್ರಯಾಣಿಕನಿಗೆ ನಗರವು ನಿಲ್ದಾಣದಿಂದ ಆರಂಭವಾಗುತ್ತದೆ; ಇವನಿಗಾದರೋ ಅದು ಹೊಲ, ಹಳ್ಳಿ, ಹೊರಕೇರಿಗಳಿಂದಲೇ ಆರಂಭವಾಗುತ್ತಿದ್ದಿತು. ಲಾಹೋರಿನಿಂದ ಕಲ್ಕತ್ತೆಯವರೆಗೆ ಹಿರಿಯ ಹೆದ್ದಾರಿಯಲ್ಲಿ ಸಾಗಿದ ಅವನ ಬರಹವನ್ನು ಆ ಕಾಲದ ರಸ್ತೆಗಳ ವಿಷಯದಲ್ಲಿ ಪ್ರತ್ಯಕ್ಷ ಸಾಕ್ಷ್ಯವೆಂದು ಗ್ರಹಿಸಬಹುದು.

ನಗರದೊಳಗಿನ ವರ್ಣನೆಗಳಿಗೆ ಅಷ್ಟೇ ಪ್ರಾಮಾಣ್ಯವನ್ನು ಕೊಡಲಾಗದು. ಏಷ್ಯಾಮೈನರಿನ ಊರುಗಳಲ್ಲಿ ಈ ವಿಚಿತ್ರವಾಹನವನ್ನು ನೋಡಲು ಜನರು ಗುಂಪುಗೂಡಿ, ಸವಾರಿ ಮಾಡಿ ತೋರಿಸೆಂದು ಒತ್ತಾಯಪಡಿಸಿದರು. ಟೆಹರಾನಿನಲ್ಲಿ ಷಹನೇ ಅದನ್ನು ನೋಡಬಯಸಿದನು. ನೋಡಲು ಬಂದವನೇ ನೋಟಕ್ಕೆ ವಸ್ತುವಾದನು. ಅವನು ಚಿತ್ರಿಸಿದುದು ಬಹುಮಟ್ಟಿಗೆ ತನ್ನನ್ನು ಮುತ್ತಿದ ನಗರವನ್ನು. ತನ್ನ ಪಾಡಿಗೆ ತಾನು ಬಾಳುತ್ತಿದ್ದ ನಗರವನ್ನಲ್ಲ. ಫ್ರೆಂಚರೊಡನೆ ನಡೆದ ಯುದ್ಧವು 1885ರಲ್ಲಿ ಮುಗಿದಿದ್ದ ಚೀನದಲ್ಲಿ ಆ ಜನಸಂದಣಿಯು ಹಗೆತನವನ್ನೇ ತೋರಿತು. ಅವನು ಅದನ್ನು ಜನರ ಸ್ವಭಾವವೆಂದು ಬರೆದಲ್ಲೆಲ್ಲ ಓದುಗನು ಯುದ್ಧವನ್ನು ನೆನೆಯಬೇಕು.

ಮತ್ತೊಂದು ಸಂಗತಿಯೂ ಗಮನಾರ್ಹವಾಗಿದೆ. ಆಫ್ಘಾನಿಸ್ತಾನವನ್ನು ಹೊಕ್ಕ ಸ್ಟೀವನ್ಸನನ್ನು ಅಲ್ಲಿಯ ಅಧಿಕಾರಿಗಳು ತಡೆದು ಪರ್ಷಿಯಕ್ಕೆ ಹಿಂದಿರುಗಿಸಿದರು. ಅವನು ಭಾರತಕ್ಕೆ ಸಮುದ್ರಮಾರ್ಗವಾಗಿ ಬರಬೇಕಾಯಿತು. ದಾರಿಯಿದ್ದ ಮಾತ್ರಕ್ಕೆ ಪ್ರವೇಶವಿಲ್ಲ. ಅದನ್ನು ಕೊಡತಕ್ಕುದು ರಾಜ್ಯಾಧಿಕಾರ.

1923ರಲ್ಲಿ ಮುಂಬಯಿಯಿಂದ ಸೈಕಲ್ಲುಗಳ ಮೇಲೆ ಹೊರಟ ಆರು ಮಂದಿ ಪಾರಸಿ ತರುಣರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮಗಾರಾ ಎಂಬ ಮೂವರು ಭೂಪ್ರದಕ್ಷಿಣೆಯನ್ನು ಮುಗಿಸಿ 1928ರಲ್ಲಿ ಮರಳಿದರು. ಅವರೂ ಒಂದು ಗ್ರಂಥವನ್ನು ಬರೆದಿದ್ದಾರೆ. ಆಳುವವರ ಕುಲದಲ್ಲಿ ಹುಟ್ಟಿದವನೊಬ್ಬನ ಕಥನವನ್ನೂ ಆಳಲ್ಪಟ್ಟ ದೇಶದವರ ಕಥನವನ್ನೂ ಜೊತೆಯಾಗಿ ಓದಿದಲ್ಲಿ, ನೋಟದ ಭೇದಗಳಲ್ಲಿ ವಾಹನದಿಂದ ಬಂದುದಾವುದು, ಸವಾರನಿಂದ ಬಂದುದಾವುದು ಎಂಬುದನ್ನು ವಿಂಗಡಿಸುವುದು ಸಾಧ್ಯವಾಗುವುದು. ಪ್ರವಾಸಸಾಹಿತ್ಯವನ್ನು ಬೋಧಿಸುವವರು ಈ ತುಲನೆಯನ್ನು ಕೈಗೊಳ್ಳುವುದು ಯುಕ್ತ.